ಹಿಟ್ಟಿನ ಗಿರಣಿಯ ಮೇಲಿನ ಕಲಾ ಸಂಘ

ನಾನು ಚಿಕ್ಕವಳಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ ಸರಿಯಾಗಿ ಅಪ್ಪನ ಗಂಟಲು ಕೆಡುತ್ತಿತ್ತು. ಅಮ್ಮ ಶುಂಠಿ ಕಷಾಯ ಕಾಸಿ ಕಾಸಿ ಕೊಡುತ್ತಿದ್ದಳು. ಶೀತವೂ ಇಲ್ಲ, ಜ್ವರವೂ ಇಲ್ಲ. ಅಪ್ಪ ಕಲಾ ಸಂಘದ ಸೆಕ್ರೆಟರಿ, ಅಷ್ಟೇ ಕಾಯಿಲೆ.

ನಮ್ಮ ಮನೆ ಹೊನ್ನಾವರದ ಬಂದರಿನ ಹತ್ತಿರ ಇತ್ತು. ಅಪ್ಪ ದೋಣಿ ಕಟ್ಟುವವರು. ಅವರ ಅಂಗಿಗೆ ಯಾವಾಗಲೂ ಮರದ ಹೊಟ್ಟಿನ ಮತ್ತು ಮೀನೆಣ್ಣೆಯ ವಾಸನೆ. ಆದರೆ ದೀಪಾವಳಿಯಿಂದ ಯುಗಾದಿಯವರೆಗೆ ಊರಿನಲ್ಲಿ ಸಂಗೀತ, ನಾಟಕ, ತಾಳಮದ್ದಳೆ ನಡೆಸುವುದು ಅವರ ಹುಚ್ಚು. ಎಲ್ಲ ಕಾರ್ಯಕ್ರಮಕ್ಕೂ ಸೇರಿಸಿ ಒಂದೇ ಗುಲಾಬಿ ಬಣ್ಣದ ಸೀಸನ್ ಟಿಕೆಟ್ಟು. ಹಿಂದಿನ ವರ್ಷ ಅದನ್ನು ಕೊಂಡವರು ಕಡಿಮೆ, ಕೊಂಡು ಬಂದವರು ಇನ್ನೂ ಕಡಿಮೆ. ತಪ್ಪದೆ ಬಂದದ್ದು ಸೊಳ್ಳೆಗಳು ಮಾತ್ರ. ಸಂಘದ ಹಿರಿಯರು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈ ಸಲವೂ ಕುರ್ಚಿ ಖಾಲಿ ಉಳಿದರೆ ಸಭಾಭವನವನ್ನು ಒಣಮೀನಿನ ಗೋದಾಮಿಗೆ ಬಾಡಿಗೆಗೆ ಕೊಡುವುದು. ಅಂದಿನಿಂದ ಅಪ್ಪ ಒಣಮೀನು ತಿನ್ನುವುದನ್ನೇ ಬಿಟ್ಟಿದ್ದರು.

ಆ ಶನಿವಾರ ಅಕ್ಕನಿಗೂ ನನಗೂ ಶಾಲೆ ಬೇಗ ಬಿಟ್ಟಿತ್ತು. ಅಪ್ಪನ ಜೊತೆ ನಾವೂ ಸಂಘದ ಕೋಣೆಗೆ ಹೋದೆವು. ಆ ಕೋಣೆ ಒಂದು ಹಿಟ್ಟಿನ ಗಿರಣಿಯ ಮೇಲಿತ್ತು. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ, ಕುರ್ಚಿ, ನಮ್ಮ ಹಲ್ಲು ಎಲ್ಲವೂ ನಡುಗುತ್ತಿದ್ದವು. ಬಿಸಿ ಅಕ್ಕಿಹಿಟ್ಟಿನ ಪರಿಮಳ ಹಲಗೆಯ ಸಂದಿಯಿಂದ ಏರಿ ಬರುತ್ತಿತ್ತು. ಹಾರ್ಮೋನಿಯಂ, ತಬಲಾ, ಗೋಡೆಯ ಮೇಲಿನ ದೇವರು, ಎಲ್ಲರಿಗೂ ಒಂದೊಂದು ಪದರ ಬಿಳಿ ಪೌಡರು.

ಮೇಜಿನ ಮೇಲೆ ಮೈಕು. ಅದರ ವಾಯರು ಕಿಟಕಿಯಿಂದ ಹೊರಗೆ ಹೋಗಿ, ಮನೆಗಳ ಹೆಂಚಿನ ಮಾಡುಗಳನ್ನು ದಾಟಿ, ಬಸ್ ಸ್ಟ್ಯಾಂಡಿನ ತೆಂಗಿನ ಮರದ ಮೇಲಿದ್ದ ಸ್ಪೀಕರಿಗೆ ಸೇರುತ್ತಿತ್ತು. ಮರದ ಪಕ್ಕದಲ್ಲೇ ಮೀನು ಮಾರ್ಕೆಟ್ಟು.

ಅಪ್ಪ ಎದೆ ಉಬ್ಬಿಸಿ ಶುರು ಮಾಡಿದರು. "ಕಲಾಭಿಮಾನಿಗಳೇ! ಗಾನಲೋಕದ ಮಕುಟಮಣಿ, ಸ್ವರಸಾಮ್ರಾಜ್ಯದ ಚಕ್ರವರ್ತಿ..." ಇಂಥ ಮಾತು ಒಂದು ಪುಟ ಇತ್ತು. ನಾನು ಕಿಟಕಿಯಿಂದ ಇಣುಕಿದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮರದ ಕೆಳಗಿನ ದನವೂ ಎತ್ತಲಿಲ್ಲ.

ಅಪ್ಪ ಮೈಕಿನ ಸ್ವಿಚ್ಚು ಒತ್ತಿ ಕುರ್ಚಿಗೆ ಒರಗಿದರು. ಸ್ವಿಚ್ಚು 'ಟಿಕ್' ಎಂದಿತು, ಆದರೆ ಮೈಕು ಆರಲಿಲ್ಲ. ಕಡಲಿನ ಉಪ್ಪುಗಾಳಿಗೆ ಅದು ಒಳಗೊಳಗೇ ತುಕ್ಕು ಹಿಡಿದಿತ್ತು. ಗಿರಣಿಯ ಗದ್ದಲದಲ್ಲಿ ದೂರದ ಸ್ಪೀಕರಿನ ಸದ್ದು ನಮಗೆ ಕೇಳಿಸುವಂತೆಯೂ ಇರಲಿಲ್ಲ. ಆ ಗದ್ದಲಕ್ಕೆ ನಾವು ಮೂವರೂ ಕಿರುಚಿಯೇ ಮಾತಾಡಬೇಕಿತ್ತು. ಮಾತಾಡಿದೆವು.

"ಅಪ್ಪಾ, ಆ ಚಕ್ರವರ್ತಿ ಅಂದ್ರೆ ಹೋದ ವರ್ಷ ಬಾಯಿ ತೆರೆದು ಮುಚ್ಚಲೇ ಇಲ್ವಲ್ಲ, ಅವರೇಯಾ?" ಎಂದು ನಾನು ಕೇಳಿದೆ.

"ಅವರೇ. ಮೊದಲ ಅರ್ಧ ಗಂಟೆ ಎಂತ ಆಗೂದಿಲ್ಲ ಮಾರಾಯ್ತಿ. ನಂಗೂ ನಿದ್ದೆ ಬತ್ತದೆ. ಮಲಗಿಬಿಡಬೇಕು. ಆಮೇಲೆ ಒಂದು ಸ್ವರ ಹಿಡೀತ್ರು ನೋಡು, ಕಡಲಿನ ಭರತದ ನೀರು ಏರಿ ಕೆಸರಲ್ಲಿ ಹೂತ ದೋಣಿ ತಾನೇ ಎದ್ದು ನಿಂತ ಹಾಗೆ ಆಗ್ತದೆ. ನಾನು ಅತ್ತುಬಿಟ್ಟೆ. ಅಮ್ಮ ಕೇಳಿದ್ರೆ ಬೆವರು ಅಂದೆ."

ಅಕ್ಕ ಸೀಸನ್ ಟಿಕೆಟ್ಟಿನ ಬೆನ್ನಿಗೆ ಅಚ್ಚಾಗಿದ್ದ ಕಾರ್ಯಕ್ರಮಗಳನ್ನು ಓದುತ್ತಿದ್ದಳು. "ನಾಟಕದಲ್ಲಿ ರಾಣಿ ಯಾರು?"

"ಡ್ರಾಯಿಂಗ್ ಮೇಷ್ಟ್ರು."

"ಆ ಮೀಸೆ ಇಟ್ಟುಕೊಂಡಾ?"

"ಅದೇ ತಲೆಬಿಸಿ. ಹೆಂಗಸಿನ ಹಾಗೆ ಅಳೂಕೆ ಮೂರು ತಾಲೂಕಿನಲ್ಲಿ ಅವರಂಥವರು ಇಲ್ಲ. ಆದ್ರೆ ಮೀಸೆ ತೆಗಿಯೂದಿಲ್ಲ ಅಂತ್ರು. ನಾಟಕ ಪೂರ್ತಿ ಸೆರಗು ಮುಚ್ಕಂಡೇ ಅಳ್ತ್ರಂತೆ!"

ಅಕ್ಕ ನಕ್ಕಳು, ನಾನು ನಕ್ಕೆ, ಅಪ್ಪನೂ ನಕ್ಕರು. ಆಮೇಲೆ ಅಪ್ಪ ಕನ್ನಡಕದ ಹಿಟ್ಟು ಒರೆಸಿದರು. "ಒಂದು ಸಲ ಬಂದು ಕೂತ್ಕಂಡ್ರೆ ಸಾಕಿತ್ತು," ಎಂದರು. "ಒಳ್ಳೇದು ಅಂತ ಎಷ್ಟು ಕೂಗಿದ್ರೂ ಜನಕ್ಕೆ ಕೇಳೂದಿಲ್ಲ. ನಂಗೆ ಕೂಗೂಕೆ ಬತ್ತದೆ, ಹೇಳೂಕೆ ಬರೂದಿಲ್ಲ."

ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಖಾಕಿ ಬಟ್ಟೆಯ ಬಸ್ ಕಂಡಕ್ಟರು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತರು. "ಸೆಕ್ರೆಟರಿಗಳೇ, ಮೇಷ್ಟ್ರು ಕಡೆಗೆ ಮೀಸೆ ತೆಗೀತ್ರಾ ಇಲ್ವಾ? ಬೇಗ ಹೇಳಿ. ಕೇಳದೆ ಜನ ಭಟ್ಕಳ ಬಸ್ಸು ಬಿಡೂಕೆ ಕೊಡ್ತಾ ಇಲ್ಲ!"

ಅಪ್ಪ ಕಂಡಕ್ಟರನ್ನು ನೋಡಿದರು. ಮೈಕನ್ನು ನೋಡಿದರು. "ಅಯ್ಯಯ್ಯೋ ದೇವರೇ!" ಎಂದರು. ಅದೂ ಬಸ್ ಸ್ಟ್ಯಾಂಡಿಗೆ ಕೇಳಿಸಿತು. ಆಮೇಲೆ ವಾಯರು ಕಿತ್ತು ಎಸೆದರು.

ಕೆಳಗಿಳಿದಾಗ ಪೇಟೆಯೇ ನಮ್ಮನ್ನು ಕಾಯುತ್ತಿತ್ತು. ಅದರ ಮುಂದೆ ಡ್ರಾಯಿಂಗ್ ಮೇಷ್ಟ್ರು. ಸೈಕಲ್ಲನ್ನು ಬಿಗಿಯಾಗಿ ಹಿಡಿದಿದ್ದರು, ಮೀಸೆ ಮಾತ್ರ ನಡುಗುತ್ತಿತ್ತು.

"ನನ್ನ ಮೀಸೆ ನನ್ನ ಮನೆ ವಿಚಾರ! ಇನ್ನು ನಾಟಕವೂ ಬೇಡ, ರಾಣಿಯೂ ಬೇಡ!" ಎಂದರು ಮೇಷ್ಟ್ರು. ಅಪ್ಪ ಕೈಮುಗಿದರು. ಅಪ್ಪನ ಮುಖ ನೋಡಿ ನನಗೆ ಅಳುವೇ ಬಂತು. ಇಷ್ಟು ದಿನದ ಗಂಟಲು, ಕಷಾಯ ಎಲ್ಲ ಒಣಮೀನಿನ ಪಾಲಾಯಿತು ಎಂದುಕೊಂಡೆ.

ಆಗ ಮೀನು ಬುಟ್ಟಿ ಇಳಿಸಿ ನಿಂತಿದ್ದ ಅಜ್ಜಿಯೊಬ್ಬರು ಮೇಷ್ಟ್ರನ್ನು ಕೇಳಿದರು. "ನೀವು ಅಷ್ಟು ಚಂದ ಅಳ್ತ್ರಾ? ನಂಗೆ ಯಾರೂ ಹೇಳಲೇ ಇಲ್ವಲ್ಲ. ಆ ಮರದ ಮೇಲಿನ ಡಬ್ಬಿ ಬರೇ ಮಕುಟ, ಸಾಮ್ರಾಜ್ಯ ಅಂತಿತ್ತು. ನಂಗೆಂತ ಗೊತ್ತಾಗೂದು? ಒಂದು ಟಿಕೆಟ್ಟು ಕೊಡಿ. ಅಳದೆ ಬಹಳ ದಿನ ಆತು."

ಮೇಷ್ಟ್ರು ಸೈಕಲ್ಲು ತಿರುಗಿಸಿದರು. ಯಾರಿಗೂ ಅಲ್ಲದಂತೆ, "ಅಳೂದು ಸುಲಭ ಅಲ್ಲ," ಎಂದು ಗೊಣಗಿ ಸೈಕಲ್ಲು ಹತ್ತಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಎನ್ನಲಿಲ್ಲ.

ಭಟ್ಕಳ ಬಸ್ಸೂ ಹೊರಟಿತು. ಕುಮಟಾ ಬಸ್ಸು ಆ ಚಕ್ರವರ್ತಿ ಗವಾಯಿಗಳ ಹಾಡಿಗೆ ಬರುವ ನಿದ್ದೆಯ ಮಾತು ಮಾತ್ರ ಕೇಳಿಸಿಕೊಂಡು ಮೊದಲೇ ಹೋಗಿತ್ತು. ಭಟ್ಕಳದ ಬಸ್ಸಿಗೆ ಸಿಕ್ಕಿದ್ದು ಮೀಸೆಯ ಸುದ್ದಿ. ಸಂಜೆಯೊಳಗೆ ಮಿರ್ಜಾನದಲ್ಲಿ ಒಂದು ಕಥೆ, ಮುರ್ಡೇಶ್ವರದಲ್ಲಿ ಇನ್ನೊಂದು. ಅಪ್ಪ ಮನೆಗೆ ಬಂದಾಗ ಅಮ್ಮ ಕಷಾಯ ಕೊಡಲಿಲ್ಲ. ಒಂದು ಟವೆಲ್ಲು ಕೊಟ್ಟು, "ಬೆವರು ಒರೆಸ್ಕಳ್ಳಿ," ಎಂದಳು.

ಗವಾಯಿಗಳ ಕಛೇರಿಯ ಸಂಜೆ ಕುಮಟೆಯವರು ಬಂದರು. ಬರುವಾಗ ದಿಂಬು ತಂದಿದ್ದರು! ಕುರ್ಚಿ ಬಿಟ್ಟು ಜಮಖಾನೆಯ ಮೇಲೆ ಸಾಲಾಗಿ ಮಲಗಿದ ಜನರನ್ನು ನೋಡಿ ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಧಾರವಾಡ ಕಡೆಯ ಗವಾಯಿಗಳು ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಕ್ಕೊಳ್ಳಲಿ ಬಿಡ್ರಿ. ಎಬ್ಬಸೂದು ನನ್ನ ಕೆಲಸ ಐತಿ," ಎಂದರು. ಆ ಸ್ವರ ಬಂದಾಗ ಒಬ್ಬೊಬ್ಬರೇ ಎದ್ದು ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ನಾಟಕಕ್ಕೆ ಭಟ್ಕಳದವರು ತುಂಬಿಕೊಂಡು ಬಂದರು, ಮೀಸೆ ನೋಡಲಿಕ್ಕೆ. ಮೇಷ್ಟ್ರು ಬಂದರು, ಸೆರಗು ಮುಚ್ಚಿಕೊಂಡೇ ಅತ್ತರು. ಮಗ ತೀರಿಕೊಂಡ ಸುದ್ದಿ ಬರುವ ದೃಶ್ಯದಲ್ಲಿ ಸೆರಗು ಜಾರಿತು. ಮೀಸೆ ಇರಲಿಲ್ಲ! ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ, "ಅಯ್ಯೋ, ಇವರು ಯಾರು!" ಎಂದು ಕೂಗಿದರು. ಮದುವೆಯಾದ ಮೇಲೆ ಗಂಡನ ಮೇಲ್ದುಟಿ ಅವರು ನೋಡಿದ್ದು ಅದೇ ಮೊದಲು. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಕದಲಲಿಲ್ಲ. ನಗು ನಿಲ್ಲುವವರೆಗೂ ಕಾದು, ಸತ್ತ ಮಗನ ಹೆಸರನ್ನು ಮೆಲ್ಲಗೆ ಕರೆದರು. ಆಮೇಲೆ ಸಭಾಭವನದಲ್ಲಿ ಮೂಗು ಎಳೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಒಣಮೀನಿನ ಗೋದಾಮಿನ ಮಾತನ್ನು ಹಿರಿಯರು ಮತ್ತೆ ಎತ್ತಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಊರಿನಲ್ಲಿ ಮುಂದಿನ ತಿಂಗಳು ಯಾರು ಹಾಡುತ್ತಾರೆ, ಯಾರು ಕುಣಿಯುತ್ತಾರೆ ಎಂಬುದೆಲ್ಲ ನಿಮ್ಮ ಫೋನಿಗೇ ಬರುತ್ತದೆ. ಯಾವ ಕುರ್ಚಿ, ಹಿಂದೆ ನೋಡಿದವರು ಮೆಚ್ಚಿ ಕೊಟ್ಟ ಚುಕ್ಕಿ ಎಷ್ಟು, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದೂ ಅದರಲ್ಲೇ. ಮೊನ್ನೆ ನೀವು ನನ್ನನ್ನು ಕರೆದೊಯ್ದ ತಣ್ಣನೆಯ ಭವನದಲ್ಲಿ ಸೊಳ್ಳೆ ಇರಲಿಲ್ಲ, ಮೆತ್ತನೆಯ ಕುರ್ಚಿ ಇತ್ತು, ನನಗೆ ಬಹಳ ಖುಷಿಯಾಯಿತು. ಒಂದೇ ಒಂದು ಮಾತು. ಮುಂದಿನ ಸಲ ಕರೆಯುವಾಗ, ಈ ಅಜ್ಜಿಗೆ ಚುಕ್ಕಿ ಎಣಿಸಿ ಹೇಳಬೇಡಿ. ಪಕ್ಕದಲ್ಲಿ ಕೂತು, ನಿಮಗೆ ಎಲ್ಲಿ ನಿದ್ದೆ ಬಂತು, ಎಲ್ಲಿ ಅಳು ಬಂತು, ಅಷ್ಟು ಹೇಳಿ. ನಾನು ಸೀರೆ ಉಟ್ಟು ತಯಾರಾಗಿರುತ್ತೇನೆ.