ರುಮ್ಯಾನಾ ಕೂತಿದ್ದ ಕುರ್ಚಿ

"ಇತ್ತೀಚೆಗೆ ವಿಮಾನದಲ್ಲಿ ಎಲ್ಲಾದ್ರೂ ದೂರ ಹೋಗಿದ್ರಾ?" ಎಂದು ಡಾಕ್ಟರ್ ಕೇಳಿದಾಗ, ಈಕೆ ಬೇರೆ ಯಾರನ್ನೋ ಕೇಳುತ್ತಿರಬೇಕು ಎಂದುಕೊಂಡಳು ರುಮ್ಯಾನಾ. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿದ್ದರು. ಒಂದೊಂದು ಮಾತಿಗೂ ಎದೆ ಹಿಡಿದುಕೊಳ್ಳುತ್ತಿತ್ತು.

"ನಾನು ವಿಮಾನ ಹತ್ತೇ ಇಲ್ಲ ಡಾಕ್ಟ್ರೇ. ಸಮುದ್ರ ನೋಡೋಕೆ ಹೋದದ್ದೂ ಬಸ್ಸಲ್ಲಿ."

"ಮತ್ತೆ ಹಾಸಿಗೆ ಹಿಡಿದು ಮಲಗಿದ್ರಾ?"

"ಇಲ್ಲ. ದಿನಾ ಕೆಲಸಕ್ಕೆ ಹೋಗ್ತಿದ್ದೆ."

ಡಾಕ್ಟರ್ ರಾದೊಸ್ಲಾವಾ ಇನ್ನೂ ಚಿಕ್ಕ ವಯಸ್ಸಿನವರು. ಹಾಸಿಗೆಯ ಅಂಚಿನಲ್ಲಿ ಕೂತು, ರುಮ್ಯಾನಾಳ ಎಡಗಾಲನ್ನು ಮೆಲ್ಲಗೆ ಒತ್ತಿ ನೋಡಿದರು. ಮೀನಖಂಡ ಬಿಗಿದು ಹೊಳೆಯುತ್ತಿತ್ತು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶಕ್ಕೆ ಹೋಗಿ ಕೂತಿದೆ, ಇನ್ನೊಂದಿಷ್ಟು ಹೋಗಿದ್ದರೆ ನೀವು ಕುಸಿದು ಬಿದ್ದ ಆ ಮೆಟ್ಟಿಲ ಮೇಲಿಂದ ಏಳುತ್ತಲೇ ಇರಲಿಲ್ಲ ಎಂದರು. "ಅಲುಗಾಡದೆ ಬಹಳ ಹೊತ್ತು ಕೂತವರಿಗೆ ಹೀಗಾಗುತ್ತೆ. ಎಲ್ಲಿ ಕೂತಿದ್ರಿ ಅಷ್ಟೊಂದು?"

"ಆಫೀಸಲ್ಲಿ," ಎಂದಳು ರುಮ್ಯಾನಾ. ಹೇಳಿದ ಮೇಲೆ ಅವಳಿಗೇ ನಂಬಲಾಗಲಿಲ್ಲ.

ಪೆರ್ನಿಕ್ ಊರಿನಲ್ಲಿ ಮೈಮುರಿದು ದುಡಿಯುವುದೆಂದರೆ ಗಣಿ, ಇಲ್ಲವೇ ಉಕ್ಕಿನ ಕುಲುಮೆ. ಅವಳ ಅಪ್ಪ ಕಲ್ಲಿದ್ದಲಿನ ಧೂಳಿಗೆ ಕೆಮ್ಮಿ ಕೆಮ್ಮಿ ಹೋದವನು. ಗಂಡ ಕಿರಿಲ್ ಕುಲುಮೆಯ ಮುಂದೆ ಬೆಂದು ನಿವೃತ್ತನಾದವನು. ಹಾಗಾಗಿ ಗ್ರಾಹಕರ ಬಿಲ್ಲಿನ ದೂರುಗಳನ್ನು ಕಂಪ್ಯೂಟರಿಗೆ ಏರಿಸುವ ಆ ಸಣ್ಣ ಕಂಪನಿಯಲ್ಲಿ ಅವಳಿಗೆ ಕೆಲಸ ಸಿಕ್ಕಾಗ ಮನೆಯಲ್ಲಿ ಹಬ್ಬವಾಗಿತ್ತು. "ಕೂತು ಉಣ್ಣೋ ಮಹಾರಾಣಿ ಬಂದ್ಲು, ದಾರಿ ಬಿಡಿ," ಎಂದು ಕಿರಿಲ್ ದಿನವೂ ಸಂಜೆ ರೇಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಸೊಂಟ ನೋಯುತ್ತದೆ, ಬೆರಳು ಜೋಮು ಹಿಡಿಯುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಕೈಯೆಲ್ಲ ಸುಟ್ಟ ಕಲೆಗಳಿರುವ ಮನುಷ್ಯ ಎದುರಿಗೆ ಕೂತು ಸೂಪು ಕುಡಿಯುತ್ತಿದ್ದಾನೆ.

ಅವಳು ಆಸ್ಪತ್ರೆಗೆ ಸೇರಿದ ಮಾರನೆಯ ದಿನ ಅವಳ ಕೋಟು, ಕನ್ನಡಕ ತರಲು ಕಿರಿಲ್ ಆಫೀಸಿಗೆ ಹೋದ. ಇಷ್ಟು ವರ್ಷಗಳಲ್ಲಿ ಅವನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಮಹಡಿಯ ಮೇಲೆ ಹುಡುಕಿದವನಿಗೆ ಯಾರೋ ಕೆಳಗೆ ಕೈ ತೋರಿಸಿದರು. ಹಿಂದೆ ಆ ಕಟ್ಟಡದ ಕಲ್ಲಿದ್ದಲು ತುಂಬುತ್ತಿದ್ದ ನೆಲಮಾಳಿಗೆ ಅದು. ಬಗ್ಗಿ ಒಳಗೆ ಹೋಗುವಾಗ ಹಣೆಗೆ ಬಿಸಿನೀರಿನ ಕೊಳವೆ ತಗುಲಿತು. ಕಿಟಕಿಯಿಲ್ಲ. ಒಂದರ ಬೆನ್ನಿಗೊಂದು ಅಂಟಿಕೊಂಡ ಮೇಜುಗಳು, ಮಿಣುಕುವ ಟ್ಯೂಬ್‌ಲೈಟು, ಯಾರೂ ತಲೆ ಎತ್ತದ ಹೆಂಗಸರು.

"ಕಿರಿಲಣ್ಣ, ರುಮ್ಯಾನಾದು ಅದು," ಎಂದಳು ವಿಯೊಲೆಟಾ, ಪಕ್ಕದ ಮೇಜಿನವಳು. ಬೆರಳು ಮಾತ್ರ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಟೈಪ್ ಮಾಡದಿದ್ದರೆ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದಂತೆ.

ಕಿರಿಲ್ ಹೆಂಡತಿಯ ಕುರ್ಚಿಯಲ್ಲಿ ಕೂತ. ತಗ್ಗಿಸಲು ಬಾರದ ಮುರುಕು ಕುರ್ಚಿ. ಅವನಂಥ ಎತ್ತರದವನಿಗೇ ಪಾದ ಸರಿಯಾಗಿ ನೆಲ ಮುಟ್ಟಲಿಲ್ಲ. ಗಟ್ಟಿ ಅಂಚು ಮೊಣಕಾಲಿನ ಹಿಂದೆ ಒತ್ತುತ್ತಿತ್ತು.

"ನೀರೆಲ್ಲಿ ಕುಡೀತೀರಿ?"

"ಕುಡಿಯಲ್ಲ. ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಲ್ಲ. ಅದು ಮೂರನೇ ಮಹಡೀಲಿದೆ, ಲಿಫ್ಟು ಕೆಟ್ಟಿದೆ. ರುಮ್ಯಾನಾ ಬಿದ್ದದ್ದೂ ಅಲ್ಲಿಗೆ ಹತ್ತುವಾಗಲೇ."

ಕಿರಿಲ್ ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಕಾಲು ಜೋಮು ಹಿಡಿದಿತ್ತು. ಕುಂಟುತ್ತಲೇ ಮೇಲೆ ಹೋಗಿ ವ್ಯವಸ್ಥಾಪಕ ತ್ಸಾಂಕೊವ್‌ನ ಎದುರು ನಿಂತ.

"ಕುಲುಮೇಲಿ ಹೊಗೆ ಕುಡೀತೀವಿ ಅಂತ ನಮಗೆ ಹಾಲು ಕೊಡ್ತಿದ್ರು," ಎಂದ. "ಗಾಳಿಗೆ ಬಿಡ್ತಿದ್ರು. ಎದೆ ಪರೀಕ್ಷೆ ಮಾಡೋಕೆ ನರ್ಸ್ ಬರ್ತಿದ್ಲು."

"ಅದು ಭಾರೀ ಕೆಲಸ ಕಿರಿಲಣ್ಣ. ಇದು ಕೂತು ಮಾಡೋದು," ಎಂದ ತ್ಸಾಂಕೊವ್, ತೀರಾ ಸಹಜವಾಗಿ.

ಕಿರಿಲ್ ಕೋಟು ಎತ್ತಿಕೊಂಡು ನೇರವಾಗಿ ಕಾರ್ಮಿಕ ತಪಾಸಣಾಧಿಕಾರಿಯ ಕಚೇರಿಗೆ ನಡೆದ. ಸಂಜೆ ಆಸ್ಪತ್ರೆಯಲ್ಲಿ ಹೆಂಡತಿಯ ಕಾಲಿನ ಬಳಿ ಕೂತ. "ನೀನ್ಯಾಕೆ ಹೇಳ್ಲಿಲ್ಲ ರುಮಿ?" ಎಂದಷ್ಟೇ ಕೇಳಿದ.

"ಏನಂತ ಹೇಳ್ಲಿ? ಕೂತು ಕೂತು ಸಾಕಾಯ್ತು ಅಂತಾನಾ?"

ಅವಳನ್ನು ನಿಜವಾಗಿ ನಡುಗಿಸಿದ ಮಾತು ಬಂದದ್ದು ಆಮೇಲೆ. ಕಾಲು ಊದಿದಾಗ ಮನೆಯಲ್ಲಿ ಏನು ಮಾಡಿದಿರಿ ಎಂದು ಡಾಕ್ಟರ್ ಕೇಳಿದರು. ಎಲೆಕೋಸಿನ ಎಲೆ ಜಜ್ಜಿ ಕಟ್ಟುತ್ತಿದ್ದೆ ಎಂದಳು. ಹೇಳುತ್ತಿದ್ದಂತೆಯೇ ಆ ವಾಸನೆ ನೆನಪಾಯಿತು. ನೆಲಮಾಳಿಗೆಯ ಅದೇ ಕುರ್ಚಿಯಲ್ಲಿ ಅವಳಿಗಿಂತ ಮೊದಲು ಸ್ಟೆಫ್ಕಕ್ಕ ಕೂರುತ್ತಿದ್ದಳು. ಕಾಲುಚೀಲದೊಳಗೆ ಕೋಸಿನ ಎಲೆ ಸುತ್ತಿಕೊಂಡು ಬರುತ್ತಿದ್ದಳು, ಕೋಣೆಯೆಲ್ಲ ನಾರುತ್ತಿತ್ತು. ಒಂದು ಭಾನುವಾರ ಸ್ನಾನ ಮುಗಿಸಿ ಬಚ್ಚಲಿನಿಂದ ಹೊರಬಂದವಳು ಅಲ್ಲೇ ಕುಸಿದು ಹೋದಳು. ಹೃದಯ ನಿಂತಿತು ಎಂದರು. ಎಲ್ಲರೂ ಮೇಣದಬತ್ತಿ ಹಚ್ಚಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ತಿಂದು, ಮಾರನೆಯ ದಿನ ಕೆಲಸಕ್ಕೆ ಹೋಗಿದ್ದರು. ಆ ವಾರವೇ ರುಮ್ಯಾನಾ ತನ್ನ ಹಳೆಯ ಮೇಜು ಬಿಟ್ಟು ಖಾಲಿಯಾದ ಆ ಕುರ್ಚಿಗೆ ಬಂದು ಕೂತಿದ್ದಳು. ಮೂಲೆಯ ಜಾಗ ಸಿಕ್ಕಿತೆಂದು ಖುಷಿಯೂ ಆಗಿತ್ತು.

"ಅವಳಿಗೂ ಇದೇನಾ ಡಾಕ್ಟ್ರೇ?"

"ಈಗ ಹೇಳೋಕೆ ಬರಲ್ಲಮ್ಮ. ಇರಬಹುದು."

ರುಮ್ಯಾನಾ ಗೋಡೆಯ ಕಡೆ ತಿರುಗಿ ಮಲಗಿದಳು.

ತಪಾಸಣೆಯವರು ಬಂದು ನೆಲಮಾಳಿಗೆಗೆ ಬೀಗ ಹಾಕಿಸಿದರು. ಹೆಂಗಸರೆಲ್ಲ ಮೊದಲ ಮಹಡಿಗೆ ಬಂದರು. ಗಂಟೆಗೊಮ್ಮೆ ಎದ್ದು ಓಡಾಡಬಹುದು ಎಂದಾಯಿತು. ಚಳಿಗಾಲ ಕಳೆದ ಮೇಲೆ ಅರ್ಧ ದಿನದ ಕೆಲಸಕ್ಕೆ ರುಮ್ಯಾನಾ ಮತ್ತೆ ಹೋದಳು. ಆ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ಒಬ್ಬ ಹೆಂಗಸು ಸ್ಟೆಫ್ಕಕ್ಕನ ಫೋಟೋ ಇರುವ, ಅವಳು ಸತ್ತು ವರ್ಷವಾಯಿತೆಂದು ಸಾರುವ ಮರಣಸೂಚನೆಯನ್ನು ಅಂಟಿಸುತ್ತಿದ್ದಳು. ಸ್ಟೆಫ್ಕಳ ಮಗಳು ಇಸ್ಕ್ರಾ.

ರುಮ್ಯಾನಾ ಅವಳನ್ನು ಎದುರಿನ ಬೆಂಚಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ಇರಬಹುದು ಎಂದಷ್ಟೇ ಡಾಕ್ಟರ್ ಹೇಳಿದ್ದು ಎಂಬುದನ್ನೂ ಸೇರಿಸಿದಳು. ಇಸ್ಕ್ರಾ ಅಳಲಿಲ್ಲ. ಅಂಟಿನ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಕೂತಳು.

"ಅಮ್ಮ ಸಾಯೋ ಮುಂಚೆ ಉಸಿರು ಕಟ್ಟುತ್ತೆ ಅಂದಿದ್ಲು," ಎಂದಳು. "ತೂಕ ಇಳಿಸು ಅಂದೆ ನಾನು. ನನಗೂ ಈಗ ಹಾಗೇ ಆಗ್ತಿದೆ, ತೂಕ ಇಳಿಸ್ಬೇಕು ಅಂದ್ಕೊಂಡಿದ್ದೆ."

"ನೀನೇನು ಕೆಲಸ ಮಾಡ್ತಿದ್ದೀಯೇ?"

"ಸೋಫಿಯಾದ ಒಂದು ಕಂಪನೀದು. ಫೋನಲ್ಲಿ ಉತ್ತರ ಕೊಡೋದು. ಮನೇಲೇ, ಅಡುಗೆಮನೆ ಸ್ಟೂಲ್ ಮೇಲೆ ಕೂತು."

ರುಮ್ಯಾನಾ ಕೆಳಗೆ ನೋಡಿದಳು. ಇಸ್ಕ್ರಾಳ ಒಂದು ಶೂವಿನ ಲೇಸು ಬಿಚ್ಚಿತ್ತು. ಆ ಪಾದ ಶೂವಿನಿಂದ ಹೊರಗೆ ಉಬ್ಬಿ ನಿಂತಿತ್ತು. ಕಾಲುಚೀಲದ ಅಂಚು ಮಾಂಸದೊಳಗೆ ಹೂತುಹೋಗಿತ್ತು. ರುಮ್ಯಾನಾ ಎದ್ದು ನಿಂತಳು.

"ಏಳು," ಎಂದಳು.

"ಎಲ್ಲಿಗೆ ಚಿಕ್ಕಮ್ಮ? ನಂಗೆ ಮಧ್ಯಾಹ್ನ ಪಾಳಿ ಇದೆ."

"ಪಾಳಿ ಹಾಳಾಗಿ ಹೋಗ್ಲಿ. ಏಳು ಅಂದ್ನಲ್ಲ."

ಮೊದಲನೆಯ ದಿನವೇ ಆಫೀಸಿಗೆ ಕಾಲಿಡದೆ ರುಮ್ಯಾನಾ ಅವಳ ತೋಳು ಹಿಡಿದು ಟ್ಯಾಕ್ಸಿ ಹತ್ತಿಸಿದಳು. ಡಾಕ್ಟರ್ ರಾದೊಸ್ಲಾವಾ ಕಾಲಿನ ಸ್ಕ್ಯಾನ್ ಮಾಡಿ, ಪರದೆಯನ್ನು ನೋಡಿ, ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದರು. ಹೆಪ್ಪು ಇತ್ತು. ಇನ್ನೂ ಕಾಲಿನಲ್ಲೇ ಇತ್ತು. ಸೂಜಿಮದ್ದು ಅಲ್ಲೇ ಶುರುವಾಯಿತು; ಆಮೇಲೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಇಸ್ಕ್ರಾ ಉಳಿದುಕೊಂಡಳು.

ಆ ಮಧ್ಯಾಹ್ನ ರುಮ್ಯಾನಾ ವಾರ್ಡಿನ ಹೊರಗೆ ನಿಂತೇ ಇದ್ದಳು. ನರ್ಸ್ ಎರಡು ಸಲ ಕುರ್ಚಿ ತಂದಿಟ್ಟಳು. ಬೇಡ ತಾಯಿ ಎಂದು, ಕೈಗಳನ್ನು ಕೋಟಿನ ಜೇಬಿಗಿಳಿಸಿ, ಆ ಉದ್ದನೆಯ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು.