ಮನೆ ಹೆಸರಿನ ಕಾಲಂ

ಬಂಟ್ವಾಳದ ಪೇಟೆಯಲ್ಲಿ ಪೈಂಟಿನ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪೆನಿ ಇತ್ತು. ಕಂಪೆನಿ ಎಂದರೆ ಮೂರು ಕಂಪ್ಯೂಟರು, ನಾನು, ಇನ್ನಿಬ್ಬರು ಮತ್ತು ಧಣಿ. ಧಣಿ ದುಬೈಯಲ್ಲಿ ಬಹಳ ವರ್ಷ ಸಿಮೆಂಟಿನ ಗೋದಾಮು ನೋಡಿಕೊಂಡು ಬಂದವರು. ಪ್ರೋಗ್ರಾಮನ್ನೂ ಮೂಟೆಯ ಲೆಕ್ಕದಲ್ಲೇ ನೋಡುತ್ತಿದ್ದರು. ಇವತ್ತು ಎಷ್ಟು ಸ್ಕ್ರೀನ್ ಮುಗಿಯಿತು ಎಂದು ಸಂಜೆ ಕೇಳಿ, ಗೋಡೆಯ ಚಾರ್ಟಿನಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯುತ್ತಿದ್ದರು. ಮುಗಿದ ಸ್ಕ್ರೀನು ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಬರೆಯಲು ಆ ಚಾರ್ಟಿನಲ್ಲಿ ಜಾಗವಿರಲಿಲ್ಲ.

ಇಸವಿ ಎರಡು ಸಾವಿರ ದಾಟಿದ ಹೊಸತು. ಖರ್ಚು ಇಳಿಸಬೇಕು, ಕೆಲಸ ಏರಿಸಬೇಕು ಎಂಬ ಹುಚ್ಚು ಧಣಿಯ ತಲೆಗೆ ಹತ್ತಿತು. ಬೆಂಗಳೂರಿನಿಂದ ಒಬ್ಬ ಪರಿಣತನನ್ನು ಕರೆಸಿದರು. ಮೇ ತಿಂಗಳ ಸೆಕೆಯಲ್ಲೂ ಟೈ ಬಿಚ್ಚದ ಆಸಾಮಿ. ಒಂದು ಸಾಲು ಪ್ರೋಗ್ರಾಮನ್ನೂ ಬರೆಯದೆ, ನಾವು ಬರೆಯುವುದರಲ್ಲಿ ಅರ್ಧ ದಂಡ ಎಂದು ಹೇಳಿ ಸಂಭಾವನೆ ಪಡೆಯುವುದು ಆತನ ವೃತ್ತಿ. ಫಾರ್ಮಿನಲ್ಲಿ ಒಂದೊಂದು ಕಾಲಮ್ಮೂ ಖರ್ಚು, ಅದನ್ನು ಮಾಡಲು ಹೊತ್ತು, ಪರೀಕ್ಷಿಸಲು ಹೊತ್ತು, ಟೈಪ್ ಮಾಡಲು ಹೊತ್ತು, ಆದ್ದರಿಂದ ಕಡಿಯಿರಿ ಎಂಬುದು ಆತನ ಸಿದ್ಧಾಂತ. ಧಣಿ ಅದನ್ನು ವೇದವಾಕ್ಯದಂತೆ ಬರೆದುಕೊಂಡರು.

ನಾನಾಗ ಮೂಡುಬಿದಿರೆಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಪ್ರೋಗ್ರಾಮು ಬರೆಯುತ್ತಿದ್ದೆ. ಪರಿಣತನನ್ನೂ ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋದೆವು. ಲ್ಯಾಬಿನ ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕ ತಮ್ಮ ಉದ್ದ ಪುಸ್ತಕ ತೆರೆದು ತೋರಿಸಿದರು. ಹೆಸರು, ವಯಸ್ಸು, ಊರು, ಅದರ ಪಕ್ಕದಲ್ಲಿ ಪ್ರತಿಯೊಬ್ಬರ ಮನೆ ಹೆಸರು.

"ಇದು ಯಾಕ್ರೀ? ಊರಿದೆ, ವಯಸ್ಸಿದೆ, ಸಾಲದಾ?" ಎಂದ ಪರಿಣತ.

"ಸಾಲುವುದಿಲ್ಲ ಸರ್," ಎಂದರು ಅಕ್ಕ, ಬೆಂಗಳೂರಿನವರಿಗೆ ಅರ್ಥವಾಗಲೆಂದು ಒಂದೊಂದೇ ಶಬ್ದ ಬಿಡಿಸಿ. "ಒಂದೇ ಊರಿನಲ್ಲಿ ಒಂದೇ ಹೆಸರಿನವರು ಹತ್ತು ಜನ ಉಂಟು. ವಯಸ್ಸು ಕೇಳಿದರೆ ಐವತ್ತು ಬರೆಯಿರಿ ಅಂತಾರೆ. ಮನೆ ಹೆಸರು ಕೇಳದೆ ಯಾರು ಯಾರು ಅಂತ ಹೇಗೆ ಗೊತ್ತಾಗುವುದು?"

ಪರಿಣತ ನಕ್ಕು ಆ ಕಾಲಮ್ಮಿಗೆ ಕೆಂಪು ಗೆರೆ ಎಳೆದ. "ಅವರು ಹೇಳಿದ ಹಾಗೆ ಮಾಡುವ ಮಾರಾಯ, ಬೇಗ ಮುಗಿಸುವ," ಎಂದರು ಧಣಿ. ಪೋಸ್ಟಿನವನೂ ಮನೆ ಹೆಸರಿಲ್ಲದೆ ಕಾಗದ ಮುಟ್ಟಿಸಲಾರದ ಊರಿನಲ್ಲಿ ಹುಟ್ಟಿ ಬೆಳೆದವನು ನಾನು. ಬಾಯಿ ಮುಚ್ಚಿಕೊಂಡಿದ್ದೆ. ಕಾಲಂ ಒಂದು ಕಡಿಮೆಯಾದರೆ ಸ್ಕ್ರೀನು ಬೇಗ ಮುಗಿದು ಚಾರ್ಟಿನಲ್ಲಿ ನನ್ನ ಅಂಕ ಒಂದು ಹೆಚ್ಚಾಗುತ್ತಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಬುದ್ಧಿವಂತಿಕೆ. ಹೆಸರು, ವಯಸ್ಸು, ಊರು ಮೂರೂ ಒಂದೇ ಆಗಿದ್ದರೆ ಒಬ್ಬರೇ ಎಂದು ಪ್ರೋಗ್ರಾಮು ತಿಳಿದುಕೊಳ್ಳುವಂತೆ ಬರೆದೆ. ಪರೀಕ್ಷೆಗೆ ಎರಡು ದಿನ ಇಟ್ಟಿದ್ದನ್ನು ಪರಿಣತ ಅರ್ಧ ದಿನಕ್ಕೆ ಇಳಿಸಿದ್ದ. ಆ ಅರ್ಧ ದಿನದಲ್ಲಿ ನಾನೇ ಹುಟ್ಟಿಸಿದ ಇಪ್ಪತ್ತು ರೋಗಿಗಳನ್ನು ತುಂಬಿ ನೋಡಿದೆ. ಇಪ್ಪತ್ತು ಮಂದಿಗೂ ಬೇರೆ ಬೇರೆ ಹೆಸರು. ಎಲ್ಲ ಸರಿಯಿತ್ತು. ಪರಿಣತ ನನ್ನ ಬೆನ್ನು ತಟ್ಟಿದ, ನಾನು ಉಬ್ಬಿಹೋದೆ. ಎರಡು ಕಡೆ ಬರೆಯುವುದು ಹೊತ್ತು ಹಾಳು ಎಂದು ಧಣಿ ಹೇಳಿ ಅಕ್ಕನ ಪುಸ್ತಕವನ್ನು ಕಪಾಟಿಗೆ ಹಾಕಿಸಿದರು.

ಆ ಮಳೆಗಾಲದಲ್ಲೇ ಹತ್ತಿರದ ತೋಡಾರಿನ ಇಬ್ಬರು ಹೆಂಗಸರು ಒಂದೇ ಬೆಳಿಗ್ಗೆ ಲ್ಯಾಬಿಗೆ ಬಂದರು. ಒಂದೇ ಹೆಸರು, ಇಬ್ಬರಿಗೂ ಐವತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ ವಿಪರೀತವಿತ್ತು, ಇನ್ನೊಬ್ಬರಿಗೆ ಏನೂ ಇರಲಿಲ್ಲ. ನನ್ನ ಪ್ರೋಗ್ರಾಮು ಇಬ್ಬರನ್ನೂ ಒಬ್ಬರನ್ನಾಗಿ ಮಾಡಿ, ಏನೂ ಇಲ್ಲ ಎಂಬ ರಿಪೋರ್ಟನ್ನೇ ಎರಡು ಸಲ ಪ್ರಿಂಟ್ ಮಾಡಿ ಕೊಟ್ಟಿತು. ಕಾಯಿಲೆಯವರು ಸಮಾಧಾನದಿಂದ ಮನೆಗೆ ಹೋದರು. ಅವರ ಕಾಲಿನಲ್ಲಿದ್ದ ಗಾಯ ಮಾಯಲಿಲ್ಲ. ಕೆಲವು ತಿಂಗಳ ನಂತರ ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಕಾಲಿನ ಎರಡು ಬೆರಳು ತೆಗೆದರು.

ತಪ್ಪು ರಿಪೋರ್ಟು ಹೋಗಿದೆ ಎಂದು ಲ್ಯಾಬಿನವರ ಫೋನು ಬಂತು. ಧಣಿ ಪರಿಣತನಿಗೆ ಫೋನು ಮಾಡಿದರೆ, ತನ್ನ ಒಪ್ಪಂದ ಮುಗಿದಿದೆ ಎಂದು ಕೈ ತೊಳೆದುಕೊಂಡ. ತಪ್ಪು ಎಲ್ಲಿ ಎಂದು ಹುಡುಕಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಧಣಿಗೆ ಹೇಳಿದೆ. ಅವರು ಬಾಗಿಲು ಹಾಕಿ ಬಂದರು.

"ಸಾಫ್ಟ್‌ವೇರಿನಲ್ಲಿ ತಪ್ಪಿಲ್ಲ ಅಂತ ಎರಡು ಸಾಲು ಬರೆದು ಕೊಡು ಮಾರಾಯ. ನಮ್ಮ ಹೆಸರು ಹಾಳಾಗುವುದು ಬೇಡ."

ಬರೆದೆ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಮಾಹಿತಿ ತುಂಬುವವರು ಇಬ್ಬರು ರೋಗಿಗಳನ್ನು ಬೇರೆ ಬೇರೆಯಾಗಿ ನಮೂದಿಸಿಲ್ಲ ಎಂದು. ಬೇರೆಯಾಗಿ ನಮೂದಿಸುವ ಒಂದೇ ದಾರಿಯನ್ನು ಕಿತ್ತು ಹಾಕಿದವನು ನಾನು, ಆ ದಾರಿ ಬೇಕೆಂದು ಹೇಳಿದವರು ಮಾಹಿತಿ ತುಂಬುತ್ತಿದ್ದ ಅಕ್ಕ. ಸಂಜೆ ಧಣಿ ಚಾರ್ಟಿನಲ್ಲಿ ನನ್ನ ಹೆಸರಿನ ಮುಂದೆ ಬರೆದರು: ದೂರು ಒಂದು, ಪರಿಹಾರ ಒಂದು. ಮುಂದಿನ ವಾರ ಲ್ಯಾಬಿಗೆ ಹೋದಾಗ ಕೌಂಟರಿನಲ್ಲಿ ಅಕ್ಕನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಆದರೂ ಆ ತಿಂಗಳ ಸಂಬಳವನ್ನು ಎಣಿಸಿ ಕಿಸೆಗೆ ಹಾಕಿಕೊಂಡೆ.

ಮೂರು ವರ್ಷದ ನಂತರ ಹೆಂಡತಿಗೆ ಸೀರೆ ತೆಗೆಯಲು ಬೆಳ್ತಂಗಡಿಯ ಜವಳಿ ಅಂಗಡಿಗೆ ಹೋಗಿದ್ದೆ. ಸೀರೆ ಬಿಡಿಸಿ ತೋರಿಸುತ್ತಿದ್ದವರು ಅದೇ ಅಕ್ಕ. ನಾನು ಮುಖ ತಿರುಗಿಸುವಷ್ಟರಲ್ಲಿ ಅವರಿಗೆ ಗುರುತು ಸಿಕ್ಕಿತ್ತು.

"ತೋಡಾರಿನವರು ಈಗ ಕೋಲು ಹಿಡಿದು ನಡೀತಾರಂತೆ ಸರ್," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೀರೆಯ ಸೆರಗು ಬಿಡಿಸುತ್ತಾ ಕೇಳಿದರು, "ಮನೆ ಹೆಸರಿಗೆ ಈಗ ಜಾಗ ಇಟ್ಟಿದ್ದೀರಲ್ಲ?"

ಆ ಕಾಲಂ ಮತ್ತೆ ಸೇರಿಸುವುದು ಅರ್ಧ ದಿನದ ಕೆಲಸ. ಆ ಅರ್ಧ ದಿನಕ್ಕೆ ದುಡ್ಡು ಕೊಡುವವರಿಲ್ಲ ಎಂದು ಧಣಿ ಬಿಟ್ಟಿದ್ದರು, ಅವರು ಬಿಟ್ಟರೆಂದು ನಾನೂ ಬಿಟ್ಟಿದ್ದೆ. ಅಷ್ಟರಲ್ಲಿ ಅದೇ ಪ್ರೋಗ್ರಾಮನ್ನು ಇನ್ನೆರಡು ಲ್ಯಾಬುಗಳಿಗೂ ಮಾರಿದ್ದೆವು.

"ಇಟ್ಟಿದ್ದೇವೆ," ಎಂದೆ.

"ಒಳ್ಳೆಯದಾಯ್ತು ಸರ್," ಎಂದು ಅವರು ಸೀರೆ ಮಡಿಸಿ ನನ್ನ ಕೈಗೆ ಕೊಟ್ಟರು.