ನನ್ನ ಭಾವನ ಮೂಗಿಗೆ ಬಿದ್ದ ಕ್ಲಿಪ್ಪು

ನನ್ನ ಭಾವ ರೆಮುಂಡು ಬಗ್ಗೆ ಒಳ್ಳೆಯ ಮಾತು ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿ. ಅವನನ್ನು ಪೂರ್ತಿ ಬಲ್ಲವನು ಮಾತ್ರ ನಾನೊಬ್ಬನೇ. ನಲವತ್ತೇಳು ವರ್ಷ ಒಬ್ಬನನ್ನು ಮನಸಾರೆ ದ್ವೇಷಿಸಬೇಕಾದರೆ ಅವನನ್ನು ಎಷ್ಟು ಹತ್ತಿರದಿಂದ ನೋಡಬೇಕು ಅನ್ನುವುದು ಕಟ್ಟಿಕೊಂಡ ಹೆಂಡತಿಗೂ ತಿಳಿಯುವುದಿಲ್ಲ.

ಅವನು ನಮ್ಮೂರಿನ ಲೌನೆಡ್ಡಾಸ್ ಊದುವವನು. ಆ ವಾದ್ಯದ ಮೂರು ಜೊಂಡಿನ ಕೊಳವೆಗಳನ್ನು ಒಟ್ಟಿಗೇ ಬಾಯಿಗಿಟ್ಟು, ಕೆನ್ನೆಗಳನ್ನು ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿಸಿ ಶುರುಮಾಡಿದನೆಂದರೆ ಅವನ ಸುತ್ತ ಕೈಕೈ ಹಿಡಿದು ತಿರುಗುವ ಒಂದು ಗಂಟೆಯ ಕುಣಿತ ಮುಗಿಯುವವರೆಗೆ ನಾದ ಕಡಿಯುವುದಿಲ್ಲ. ಕೆನ್ನೆಯಲ್ಲಿಟ್ಟ ಗಾಳಿ ಬಾಯಿಂದ ಹೊರಗೆ ಹೋಗುತ್ತಿರುವಾಗಲೇ ಮೂಗಿನಿಂದ ಹೊಸ ಗಾಳಿಯನ್ನು ಕದ್ದು ಎಳೆದುಕೊಳ್ಳುವುದು ಈ ಕಸುಬಿನ ಗುಟ್ಟು. ಏಳನೆಯ ವಯಸ್ಸಿಗೆ ಅವನಪ್ಪ ಅವನ ಮುಂದೆ ಒಂದು ಬಟ್ಟಲು ನೀರು, ಒಂದು ಹುಲ್ಲುಕಡ್ಡಿ ಇಟ್ಟು ಕೂರಿಸಿದ್ದನಂತೆ. ಗುಳ್ಳೆ ನಿಂತರೆ ಏಟು. ಒಮ್ಮೆ ಹನ್ನೊಂದು ದಿನ ಗುಳ್ಳೆ ನಿಲ್ಲಲಿಲ್ಲ, ಬಟ್ಟಲಿನ ನೀರೇ ಬತ್ತಿಹೋಯಿತು ಎಂದು ಅವನು ಹೇಳುತ್ತಾನೆ. ನಾನು ಅದರಲ್ಲಿ ಎರಡು ದಿನ ಕಳೆದು ಉಳಿದದ್ದನ್ನು ನಂಬುತ್ತೇನೆ.

ಕಷ್ಟವೇನೆಂದರೆ ಅವನ ಮಾತೂ ಹಾಗೆಯೇ. ಉಸಿರಿಗೆಂದು ನಿಲ್ಲದವನ ನಡುವೆ ಬಾಯಿ ಹಾಕುವುದು ಹೇಗೆ? ನನ್ನಕ್ಕ ಗ್ರೆಕಾಳನ್ನು ಮದುವೆಯಾದ ದಿನ ಸೂಪಿಗೆ ಉಪ್ಪು ಕಮ್ಮಿ ಎಂದು ಅವನು ಎತ್ತಿದ ಮಾತು ಮೊದಲ ಮಗಳ ದೀಕ್ಷಾಸ್ನಾನದ ದಿನ ಮುಗಿಯಿತು.

ನನ್ನ ಎದೆ ಕೆಟ್ಟದ್ದು. ಮೂವತ್ತು ವರ್ಷ ಗಿರಣಿಯಲ್ಲಿ ಹಿಟ್ಟು ಉಸಿರಾಡಿದ್ದೇನೆ. ನಾನು ಕೆಮ್ಮಿದರೆ ಒಂದು ರೊಟ್ಟಿಗಾಗುವಷ್ಟು ಉದುರುತ್ತಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಹೇಳಿಕೊಡುವ ಡೊಲೊರೆಟ್ಟಾ ಎಂಬ ಹುಡುಗಿ ನನಗೊಂದು ದಾರಿ ಹಾಕಿಕೊಟ್ಟಳು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಹೊಟ್ಟೆ ಉಬ್ಬಬೇಕು. ತುಟಿ ಕಿರಿದು ಮಾಡಿ ಆರು ಎಣಿಸುವಷ್ಟು ಹೊರಗೆ. ಹತ್ತು ನಿಮಿಷ, ದಿನಾ ಬೆಳಗ್ಗೆ, ಹಿತ್ತಿಲಲ್ಲಿ ಕೂತು. ಹಿತ್ತಿಲ ಗೋಡೆಯ ಆಚೆ ಭಾವನ ಮನೆ.

"ಏನೋ ಭಾಮೈದ, ಸೂಪು ಆರಿಸ್ತಿದ್ದೀಯಾ? ಬಟ್ಟಲೇ ಕಾಣ್ಸಲ್ವಲ್ಲ" ಎನ್ನುತ್ತಿದ್ದ ಅವನು ಗೋಡೆಯ ಮೇಲೆ ತಲೆಯಿಟ್ಟು. "ನಿಂದು ಕೋಳಿ ಸೀನಿದಷ್ಟು ಉಸಿರು. ನನ್ನ ಎದೆ ಎತ್ತಿಂದು ಕಣೋ." ಹೇಳಿ ಚುಟ್ಟಾ ಸೇದುತ್ತಿದ್ದ. ಅದೂ ನಮ್ಮ ಹಳೆಯ ಮುದುಕಿಯರ ಹಾಗೆ, ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು.

ಹೋದ ಮಾರ್ಚಿನಲ್ಲಿ ಆ ಎತ್ತು ಕೊಳವೆ ಮಾಡುವ ಜೊಂಡಿನ ಹೊರೆ ಹೊತ್ತು ತನ್ನ ಮನೆಯ ಹದಿನಾರು ಮೆಟ್ಟಿಲು ಹತ್ತುತ್ತಿತ್ತು. ಒಂಬತ್ತನೆಯದರ ಮೇಲೆ ಕೂತುಬಿಟ್ಟಿತು. ಜೊಂಡುಗಳು ಉರುಳಿ ಬೀದಿಗೆ ಬಂದವು. ಅವನ ಮಾತು ಅರ್ಧಕ್ಕೆ ನಿಂತದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಖುಷಿಯಿಂದಲೇ ಎದ್ದು ನೋಡಲು ಹೋದೆ. ಬೂದಿಯಂಥ ಮುಖ ಕಂಡ ಮೇಲೆ ಖುಷಿಪಡಲು ಪುರುಸೊತ್ತಾಗಲಿಲ್ಲ.

ಹೃದಯಾಘಾತ. ಒಂಬತ್ತು ದಿನದ ನಂತರ ಒಂದು ಚೀಲ ಮಾತ್ರೆ ಹಿಡಿದು ಮನೆಗೆ ಬಂದಾಗ ಕೊಳವೆಗಳು ಕಾಣಲಿಲ್ಲ. ಅಕ್ಕ ಅವನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹೂತು ಬೀಗ ಜಡಿದಿದ್ದಳು.

"ಸೆಪ್ಟೆಂಬರಲ್ಲಿ ಮೊಮ್ಮಗಳ ಮದ್ವೆ. ಅವತ್ತು ಆ ಅಕಾರ್ಡಿಯನ್ ಪೆಟ್ಟಿಗೆಯವನು ಬಾರಿಸಿದ್ರೆ ನಾನು ಸತ್ತಹಾಗೆ" ಎಂದ ರೆಮುಂಡು.

"ನೀನು ಊದಿದ್ರೆ ನಿಜವಾಗ್ಲೇ ಸಾಯ್ತೀಯ" ಎಂದಳು ಅಕ್ಕ. "ಹೃದಯ, ಶ್ವಾಸಕೋಶ ಎರಡೂ ತಡೀತಾವೆ ಅಂತ ಡಾಕ್ಟರು ಬರ್ದುಕೊಡ್ಲಿ. ಆಮೇಲೆ ಬೀಗದ ಕೈ ಕೇಳು."

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅಕ್ಕ ವಿಧವೆಯಾದರೆ ಬರುವುದು ನನ್ನ ಮನೆಗೆ. ಅವಳ ನಾಲಿಗೆಯ ಪಕ್ಕ ಇಟ್ಟು ನೋಡಿದರೆ ರೆಮುಂಡು ಮೌನವ್ರತದ ಸನ್ಯಾಸಿ.

ನಮ್ಮೂರ ಡಾಕ್ಟರು ನಿವೃತ್ತಿಯ ದಿನ ಎಣಿಸುತ್ತಿದ್ದ ಮುದುಕ. ಊದಿಸಿ ಶ್ವಾಸಕೋಶ ಅಳೆಯುವ ಯಂತ್ರವನ್ನು ಬೀರುವಿನಿಂದ ತೆಗೆದ. ಅದರ ಜೊತೆ ಮೂಗಿಗೆ ಹಾಕುವ ಕ್ಲಿಪ್ಪು ಎಂದೋ ಕಳೆದುಹೋಗಿತ್ತು. "ಆದಷ್ಟು ಹೊತ್ತು ಊದಪ್ಪ" ಎಂದ. ಭಾವ ಊದಿದ. ಡಾಕ್ಟರು ಕಾಫಿ ಕುಡಿದ, ಪತ್ರಿಕೆ ಓದಿದ, ಒಬ್ಬ ಗರ್ಭಿಣಿಯನ್ನು ಪರೀಕ್ಷಿಸಿದ. ಅವಳು ಅಲ್ಲೇ ಹೆತ್ತಳು ಅನ್ನುವುದು ನನ್ನ ಸೇರ್ಪಡೆ. ಯಂತ್ರ ಏನು ಹೇಳಿತೋ ಯಾರೂ ನೋಡಲಿಲ್ಲ. ಚೀಟಿಯಲ್ಲಿ ಎತ್ತಿನಂಥ ಶ್ವಾಸಕೋಶ ಎಂದು ಬರೆದಾಯಿತು. ಇದು ನಮ್ಮೂರಿನವರು ಮಾತ್ರ ಮಾಡಬಲ್ಲ ತಪ್ಪು. ನಾದ ಉದ್ದವಿದ್ದರೆ ಎದೆಯೂ ದೊಡ್ಡದಿರಬೇಕೆಂದು ನಮ್ಮಜ್ಜಂದಿರ ಕಾಲದಿಂದ ನಂಬಿಕೊಂಡು ಬಂದಿದ್ದೇವೆ.

ಅಕ್ಕ ಬೀಗದ ಕೈಗೆ ಕೈ ಹಾಕುವಷ್ಟರಲ್ಲಿ ನಾನು ಪಟ್ಟಣದ ಬಸ್ಸು ಹತ್ತಿದ್ದೆ.

"ಅವನ ಮೂಗು ಹಿಡಿಯಮ್ಮ" ಎಂದೆ ಡೊಲೊರೆಟ್ಟಾಳಿಗೆ.

"ಕ್ಲಿಪ್ ಹಾಕ್ದೆ ಆ ಪರೀಕ್ಷೆ ಮಾಡೋ ಹಾಗೇ ಇಲ್ಲ ಮಾಮ" ಎಂದು ಅವಳು ನಮ್ಮೂರ ಡಾಕ್ಟರಿಗೆ ಹೇಳಲು ಫೋನು ಎತ್ತಿಕೊಂಡಳು.

ಮರುವಾರ ಭಾವನನ್ನು ಪಟ್ಟಣದ ಆಸ್ಪತ್ರೆಗೆ ಕರೆಸಿದಾಗ ಅಕ್ಕನ ಜೊತೆ ನಾನೂ ಆ ಕೋಣೆಯಲ್ಲಿದ್ದೆ. ಬೆಟ್ಟ ಕುಸಿದಿದ್ದರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಡೊಲೊರೆಟ್ಟಾ ಭಾವನ ಮೂಗಿಗೆ ಕ್ಲಿಪ್ಪು ಸಿಕ್ಕಿಸಿದಳು. ಅವನು ಊದಿದ. ಮೂರು ಸೆಕೆಂಡು ಜೋರಾಗಿ ಬಂತು. ಆಮೇಲೆ ಎಳೆಎಳೆಯಾಗಿ ಸುಯ್ಯೆಂದಿತು. ಕೆನ್ನೆ ಒಳಗೆ ಬಿತ್ತು. ಮೂಗು ತನ್ನ ಹಳೆಯ ಕಳ್ಳದಾರಿ ಹುಡುಕಿತು, ಬಾಗಿಲು ಮುಚ್ಚಿತ್ತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಯಂತ್ರ ಕೆಟ್ಟಿದೆ" ಎಂದ.

ಇನ್ನೊಂದು ಯಂತ್ರ ತಂದಳು. ಅದೂ ಕೆಟ್ಟಿತ್ತು.

"ಇಷ್ಟು ವರ್ಷ ಮೇಲ್ಮೇಲಿನ ಗಾಳೀನೇ ತೆಗೆದು ಹಾಕಿ ಮಾಡಿದ್ದೀರ ಮಾಮ" ಎಂದಳು ಹುಡುಗಿ. "ಕೆಳಗಿಂದು ಖಾಲೀನೇ ಆಗಲ್ಲ. ಚುಟ್ಟಾ ಒಳಗೆಲ್ಲ ಕೊರೆದಿದೆ. ಈ ಎದೆ ಇಟ್ಕೊಂಡು ಒಂದು ಗಂಟೆ ಊದಿದ್ರೆ ಹೃದಯ ಇನ್ನೊಂದ್ಸಲ ಕೈಕೊಡುತ್ತೆ."

"ನನಗೆ ಉಸಿರಾಡೋದು ಹೇಳ್ಕೊಡ್ತೀಯಾ ನೀನು?"

"ಬಿಡೋದು ಹೇಳ್ಕೊಡ್ತೀನಿ. ಎಳ್ಕೊಳ್ಳೋದು ನಿಮಗೆ ಗೊತ್ತಿದೆ."

ಚುಟ್ಟಾ ಅವತ್ತೇ ಒಲೆಗೆ ಹೋಯಿತು. ನಾಲ್ಕು ಒಳಗೆ, ಆರು ಹೊರಗೆ. ಅವನಿಗೆ ಹೊರಗೆ ಬಿಡುವುದೇ ಬರದು; ಎರಡಕ್ಕೆ ಮೂಗು ಕದಿಯುತ್ತಿತ್ತು. ಎದುರಿಗೆ ಕೂತು ಎಣಿಸಲು ಒಬ್ಬರು ಬೇಕೆಂದಳು ಡೊಲೊರೆಟ್ಟಾ. "ಸಿಸಿನ್ನು ಎಣಿಸ್ತಾನೆ, ಅವನಿಗೇನು ಕೆಲ್ಸ" ಎಂದಳು ಅಕ್ಕ. ಸಿಸಿನ್ನು ಅಂದರೆ ನಾನು.

ಹೀಗೆ ನಾವಿಬ್ಬರೂ ದಿನಾ ಬೆಳಗ್ಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಎರಡನೆಯ ದಿನ ನನಗೊಂದು ಸತ್ಯ ಹೊಳೆಯಿತು. ಆರು ಎಣಿಸುವವರೆಗೆ ಅವನು ಉತ್ತರ ಕೊಡುವ ಹಾಗಿಲ್ಲ. ನಿಮಿಷಕ್ಕೆ ಆರು ಸಲ, ಹತ್ತು ನಿಮಿಷಕ್ಕೆ ಅರವತ್ತು ಸಲ, ದೇವರೇ ಕೊಟ್ಟ ಅವಕಾಶ. ಬಾಯಿಂದ ಎಣಿಸುವುದನ್ನು ಬಿಟ್ಟು ಬೆರಳೆತ್ತಿ ಎಣಿಸತೊಡಗಿದೆ. ಬಾಯಿ ಬೇರೆ ಕೆಲಸಕ್ಕೆ ಸಿಕ್ಕಿತು. ಗೋಡೆ ಒಂದು ಗೇಣು ನನ್ನ ಕಡೆಗೆ ಸರಿದದ್ದು ಹೇಗೆ ಎಂದು ಕೇಳಿದೆ. ನನ್ನ ಅಂಜೂರದ ಮರದ ಬಗ್ಗೆ ಕೇಳಿದೆ. ನನ್ನ ಕತ್ತೆಗೆ ಅವನು ನನ್ನ ಹೆಸರೇ ಇಟ್ಟು ಕರೆದದ್ದನ್ನು ಎತ್ತಿದೆ. ಅವನು ತುಟಿ ಚೂಪು ಮಾಡಿ, ಕಣ್ಣಿನಲ್ಲೇ ನನ್ನನ್ನು ಕೊಲ್ಲುತ್ತ ಬಿಡುತ್ತಿದ್ದ. ಕೋಪಕ್ಕೆ ಉಸಿರು ಉದ್ದವಾಗುತ್ತ ಹೋಯಿತು. ವೈದ್ಯಶಾಸ್ತ್ರ ಇದನ್ನು ಬರೆದುಕೊಳ್ಳಬೇಕಿತ್ತು.

ಜುಲೈ ಹೊತ್ತಿಗೆ ನನ್ನ ದೂರುಗಳು ತೀರಿದವು. ಕೊನೆಗೆ ಒಂದು ಉಳಿದಿತ್ತು.

"ನಲವತ್ತೇಳು ವರ್ಷ ಊರನ್ನೆಲ್ಲ ಕುಣಿಸ್ದೆ" ಎಂದೆ. "ನೀನು ನಡುವೆ ನಿಂತು ಊದ್ತಿದ್ರೆ ನನ್ನಕ್ಕ ಆ ಕಡೆ ಒಬ್ಬ ವಿಧವೆ, ಈ ಕಡೆ ಒಬ್ಬ ವಿಧವೆ, ಅವರ ಕೈ ಹಿಡ್ಕೊಂಡು ಕುಣಿದ್ಲು. ಗಂಡ ಇದ್ದೂ."

ಆರನೆಯ ಬೆರಳೆತ್ತಿದೆ. ಅವನು ನಿಲ್ಲಿಸಲಿಲ್ಲ. ಹನ್ನೊಂದರವರೆಗೆ ಬಿಟ್ಟ.

ಸೆಪ್ಟೆಂಬರಿಗೆ ನಾಡಿ ತೊಂಬತ್ತರಾಚೆಯಿಂದ ಎಪ್ಪತ್ತಾರಕ್ಕೆ ಇಳಿದಿತ್ತು, ರಕ್ತದೊತ್ತಡವೂ ಒಂದಿಷ್ಟು. ಹದಿನಾರು ಮೆಟ್ಟಿಲೂ ಕೂರದೆ ಹತ್ತುತ್ತಿದ್ದ.

"ಶ್ವಾಸಕೋಶ ಹೊಸದಾಗಿ ಬೆಳೆಯಲ್ಲ ಮಾಮ, ಇರೋದನ್ನ ಬಳಸೋದು ಕಲ್ತಿದ್ದೀರ ಅಷ್ಟೆ" ಎಂದಳು ಡೊಲೊರೆಟ್ಟಾ. ಹೃದಯದ ಡಾಕ್ಟರನ್ನೂ ಕೇಳಿ ಬಂದು ಹೇಳಿದಳು: "ಹತ್ತು ನಿಮಿಷ ಊದಬಹುದು. ಹನ್ನೊಂದಿಲ್ಲ. ಮಾತ್ರೆ ಬಿಡೋ ಹಾಗಿಲ್ಲ."

ನಡುವೆ ನಿಲ್ಲಿಸುವುದೆಂದರೆ ನಮ್ಮಲ್ಲಿ ಊದುವವನ ಮರ್ಯಾದೆ ಹೋದಂತೆ. ಕುಣಿಯುವವರ ಕಾಲು ಗಾಳಿಯಲ್ಲಿ ಉಳಿಯುತ್ತದೆ; ಮೂರು ತಲೆಮಾರು ಅದನ್ನು ಆಡಿಕೊಳ್ಳುತ್ತದೆ. ಅವನು ನಿಲ್ಲಿಸುವುದಿಲ್ಲ, ನಿಲ್ಲಿಸದೆ ಸಾಯುತ್ತಾನೆ, ಅಕ್ಕನ ಗಂಟುಮೂಟೆ ನನ್ನ ಬಾಗಿಲಿಗೆ ಬರುತ್ತದೆ ಎಂದುಕೊಂಡೇ ಮದುವೆಯ ಮಧ್ಯಾಹ್ನ ಚರ್ಚಿನ ಮುಂದಿನ ಚೌಕದಲ್ಲಿ ಗಡಿಯಾರ ಹಿಡಿದು ನಿಂತಿದ್ದೆ.

ಊದಿದ. ಹಿಟ್ಟಿನಿಂದ ಎದ್ದು ಬಂದ ಕೊಳವೆಗಳು ಮೊದಲು ಬಿಳಿ ಹೊಗೆ ಕಾರಿದವು. ಆಮೇಲೆ ಬಂದ ನಾದದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವನು ನನ್ನ ಶತ್ರು. ಒಂಬತ್ತನೆಯ ನಿಮಿಷಕ್ಕೆ ಅಕ್ಕ, ಇಬ್ಬರು ವಿಧವೆಯರ ನಡುವೆ ಹೆಜ್ಜೆ ಹಾಕುತ್ತಲೇ, ನನ್ನ ಕಡೆ ನೋಡಿದಳು. ನಾನು ಬೆರಳೆತ್ತಿದೆ.

ಹತ್ತಕ್ಕೆ ನಾದ ನಿಂತಿತು.

ಇಡೀ ಊರಿನ ಎಡಗಾಲು ಗಾಳಿಯಲ್ಲಿ ನಿಂತಿತು. ಪಾದ್ರಿಯದೂ. ಅಕಾರ್ಡಿಯನ್‌ನವನು ಗಡಬಡಿಸಿ ರಾಗ ಹಿಡಿದ. ರೆಮುಂಡು ಕೊಳವೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಕ್ಕನ ಮುಂದೆ ಹೋಗಿ ಕೈ ಚಾಚಿದ.

"ಏನೀಗ?" ಎಂದಳು ಅವಳು ಕುಣಿಯುವುದನ್ನು ನಿಲ್ಲಿಸದೆ.

"ಕುಣಿಯೋಣ ಅಂತ."

"ನಲವತ್ತೇಳು ವರ್ಷ ಕಾದಿದ್ದೀನಿ. ನೀನೂ ಒಂದು ಸುತ್ತು ಕಾಯಿ."

ವೃತ್ತ ತಿರುಗಿತು, ಅವಳನ್ನು ಆಚೆ ಕೊಂಡೊಯ್ಯಿತು. ಅವನು ಅಂಚಿನಲ್ಲಿ ನಿಂತು, ತುಟಿ ಚೂಪು ಮಾಡಿ, ಉಸಿರು ಬಿಡತೊಡಗಿದ. ಇಂಥ ಗಳಿಗೆ ಎರಡನೆಯ ಸಲ ಬರುವುದಿಲ್ಲವೆಂದು ನಾನು ಪಕ್ಕಕ್ಕೆ ಹೋದೆ.

"ಏನ್ ಭಾವ, ಸೂಪು ಆರಿಸ್ತಿದ್ದೀಯಾ?"

ಅವನು ನಾಲ್ಕರಲ್ಲಿದ್ದ. ಐದಾಯಿತು. ಆರಾಯಿತು.

"ನೀನು ಬೇಸಿಗೆ ಪೂರ್ತಿ ಬೇಕಂತ ನಿಧಾನವಾಗಿ ಎಣಿಸ್ದೆ, ಕಳ್ಳ" ಎಂದ. ಅಷ್ಟರಲ್ಲಿ ಸುತ್ತು ಮುಗಿದು ಅಕ್ಕ ಬಂದಳು. ಒಬ್ಬ ವಿಧವೆಯ ಕೈ ಬಿಟ್ಟು ಇವನ ತೋಳು ಹಿಡಿದೆಳೆದಳು. ಊರನ್ನೆಲ್ಲ ಕುಣಿಸಿದ ಮಹಾಶಯನಿಗೆ ಯಾವ ಕಾಲು ಮೊದಲು ಎನ್ನುವುದೇ ಗೊತ್ತಿರಲಿಲ್ಲ. ಮೂರನೆಯ ಹೆಜ್ಜೆಗೆ ಅವಳ ಕಾಲು ತುಳಿದ.

"ಎಡ, ಎಡ, ಎಡಗಾಲು ಕಣೋ ಮುಟ್ಠಾಳ" ಎನ್ನುತ್ತಿದ್ದಳು ಅವಳು. ಅವನು ಉಸಿರು ಉಳಿಸಿಕೊಳ್ಳುತ್ತಿದ್ದ.